‘ಅಬಾರ್ಷನ್ ಮಾತ್ರೆ’ ಅಂದರೆ ಯಾವ ಮಾತ್ರೆ? ಓದುಗರ ಪ್ರಶ್ನೆ, ತಜ್ಞರ ಉತ್ತರ

ಹಾಸನ, ಚಿಕ್ಕಮಗಳೂರು ಜಿಲ್ಲೆಗಳ ಓದುಗರು ಗರ್ಭ ಇಳಿಸುವ ಔಷಧಗಳ ಬಗ್ಗೆ ಬರೆದ ಪ್ರಶ್ನೆಗಳಿಗೆ ಈ ಸಲದ ಅಂಕಣ ಮೀಸಲು. ಬಹುತೇಕ ಗೊಂದಲ ಹುಟ್ಟಿರುವುದು ಔಷಧದಿಂದಲ್ಲ, ಹೆಸರಿನಿಂದ. ಆದ್ದರಿಂದ ಹೆಸರುಗಳನ್ನು ಬಿಡಿಸುತ್ತಲೇ ಉತ್ತರ ಕೊಟ್ಟಿದ್ದೇವೆ. ಪತ್ರ ಬರೆದವರ ಹೆಸರುಗಳನ್ನು ಬೇಕೆಂದೇ ಬಿಟ್ಟಿದ್ದೇವೆ.

ಪ್ರಶ್ನೆ: ಡಿ. ಫಾರ್ಮ ಓದುತ್ತಾ ಮೆಡಿಕಲ್ ಸ್ಟೋರಿನಲ್ಲಿ ಕೆಲಸ ಮಾಡುತ್ತಿದ್ದೇನೆ. ‘ಅಬಾರ್ಷನ್ ಮಾತ್ರೆ ಕೊಡಿ’ ಅಂತ ಬರುವವರಲ್ಲಿ ಒಬ್ಬರಿಗೆ ಬೇಕಾಗಿರುವುದು ಎಪ್ಪತ್ತೆರಡು ಗಂಟೆ ಮಾತ್ರೆ, ಇನ್ನೊಬ್ಬರಿಗೆ ಕಿಟ್, ಮತ್ತೊಬ್ಬರಿಗೆ ಮುಟ್ಟು ಬರಿಸುವ ಮಾತ್ರೆ. ಇವುಗಳ ಸರಿಯಾದ ಹೆಸರು ಏನು? (ಬೇಲೂರು)

ಉತ್ತರ: ಮೂರೂ ಬೇರೆ ಬೇರೆ ಜಾತಿಯವು, ಮೂರನ್ನೂ ಒಂದೇ ಹೆಸರಲ್ಲಿ ಕರೆಯುವುದರಿಂದಲೇ ಅವಾಂತರ.

ಎಪ್ಪತ್ತೆರಡು ಗಂಟೆ ಮಾತ್ರೆ ಎಂದರೆ ಲೆವೊನಾರ್ಜೆಸ್ಟ್ರೆಲ್ 1.5 ಮಿ.ಗ್ರಾಂ. ಇದರ ವರ್ಗ ತುರ್ತು ಗರ್ಭನಿರೋಧಕ. ಅಂಡ ಬಿಡುಗಡೆಯಾಗುವುದನ್ನು ಮುಂದೂಡುವುದು ಇದರ ಕೆಲಸ. ಗರ್ಭ ನಿಂತಾದ ಮೇಲೆ ನುಂಗಿದರೆ ಅದು ಇಳಿಯುವುದೂ ಇಲ್ಲ, ಕೂಸಿಗೆ ತೊಂದರೆಯಾಗುವುದೂ ಇಲ್ಲ. ಅಂದರೆ ಇದು ಅಬಾರ್ಷನ್ ಮಾತ್ರೆ ಅಲ್ಲವೇ ಅಲ್ಲ. ಸಂಪರ್ಕವಾದ ಮೇಲೆ ಎಷ್ಟು ಬೇಗ ತೆಗೆದುಕೊಂಡರೆ ಅಷ್ಟು ಒಳ್ಳೆಯದು. ಎಪ್ಪತ್ತೆರಡು ಗಂಟೆ ಎನ್ನುವುದು ಕೊನೆಯ ಗಡುವು, ಕಾಯಬೇಕಾದ ಅವಧಿಯಲ್ಲ.

‘ಮುಟ್ಟು ಬರಿಸುವ ಮಾತ್ರೆ’ ಎಂದು ಕೇಳುವುದು ಸಾಮಾನ್ಯವಾಗಿ ನಾರೆಥಿಸ್ಟೆರೋನ್ ಅಥವಾ ಅದರ ಬಳಗದ ಪ್ರೊಜೆಸ್ಟೋಜೆನ್, ಅಂದರೆ ಪ್ರೊಜೆಸ್ಟಿರೋನ್ ಹಾರ್ಮೋನಿನಂತೆ ಕೆಲಸ ಮಾಡುವ ಔಷಧ. ಹಾಸನಾಂಬೆಯ ಬಾಗಿಲು ತೆರೆಯುವ ದಿನಗಳಲ್ಲಿ ಮುಟ್ಟು ಮುಂದೂಡಲು ನೀವು ಮಾರುವುದೂ ಇದನ್ನೇ. ತಿನ್ನುವಷ್ಟು ದಿನ ಮುಟ್ಟು ನಿಲ್ಲುತ್ತದೆ, ಬಿಟ್ಟ ಎರಡು ಮೂರು ದಿನಕ್ಕೆ ಆಗುತ್ತದೆ. ಗರ್ಭ ನಿಂತಿದ್ದರೆ ಮಾತ್ರ ಬಿಟ್ಟರೂ ಆಗುವುದಿಲ್ಲ. ಆಗಲಿಲ್ಲವೆಂದು ಇನ್ನೊಂದು ಕೋರ್ಸ್ ನುಂಗುತ್ತಾ ಕೂತವರ ಲೆಕ್ಕದಲ್ಲಿ ಮೂರು ವಾರ ಸುಮ್ಮನೆ ಕಳೆದುಹೋಗಿರುತ್ತದೆ.

ಕಿಟ್ ಅಂದರೆ ಎಂಟಿಪಿ (ಮೆಡಿಕಲ್ ಟರ್ಮಿನೇಷನ್ ಆಫ್ ಪ್ರೆಗ್ನೆನ್ಸಿ) ಕಿಟ್: ಮಿಫೆಪ್ರಿಸ್ಟೋನ್ 200 ಮಿ.ಗ್ರಾಂನ ಒಂದು ಮಾತ್ರೆ, ಮಿಸೊಪ್ರೊಸ್ಟಾಲ್ 200 ಮೈಕ್ರೋಗ್ರಾಂನ ನಾಲ್ಕು ಮಾತ್ರೆ. ನಿಜವಾಗಿ ಗರ್ಭ ಇಳಿಸುವುದು ಇದು. ವೈದ್ಯಕೀಯ ವರ್ಗದ ಹೆಸರು ಅಬಾರ್ಟಿಫೇಶಿಯೆಂಟ್, ಕನ್ನಡದಲ್ಲಿ ಗರ್ಭಪಾತಕಾರಿ ಔಷಧ. ವೈದ್ಯರ ಚೀಟಿ ಇಲ್ಲದೆ ಮಾರುವಂತಿಲ್ಲ. ಎಂಟಿಪಿ ಕಾಯ್ದೆಯಡಿ ಅರ್ಹರಾದ ವೈದ್ಯರ ಉಸ್ತುವಾರಿಯಲ್ಲಷ್ಟೇ ಕೊಡಬೇಕೆಂದು ಪೊಟ್ಟಣದ ಮೇಲೇ ಇರುತ್ತದೆ.

ಗಿರಾಕಿಯನ್ನು ‘ಯಾವ ಮಾತ್ರೆ ಬೇಕು’ ಎಂದು ಕೇಳಬೇಡಿ. ‘ಕೊನೆಯ ಸಲ ಯಾವತ್ತು ಮುಟ್ಟಾಗಿದ್ದು’ ಎಂದು ಮೆಲುದನಿಯಲ್ಲಿ ಕೇಳಿ. ಯಾರಿಗೆ ಮಾತ್ರೆ, ಯಾರಿಗೆ ಆಸ್ಪತ್ರೆ ಎಂಬುದು ಆ ಒಂದು ತಾರೀಖಿನಲ್ಲಿ ತೀರ್ಮಾನವಾಗುತ್ತದೆ.

ಪ್ರಶ್ನೆ: ಮಿಫೆಪ್ರಿಸ್ಟೋನ್, ಪ್ರೊಜೆಸ್ಟಿರೋನ್, ಮಿಸೊಪ್ರೊಸ್ಟಾಲ್, ಡೈನೊಪ್ರೊಸ್ಟೋನ್... ಪರೀಕ್ಷೆಗೆ ಓದುವಾಗ ಎಲ್ಲಾ ಕಲಸಿಹೋಗುತ್ತವೆ. ನೆನಪಿಟ್ಟುಕೊಳ್ಳಲು ದಾರಿ ಇದೆಯೇ? (ನರ್ಸಿಂಗ್ ವಿದ್ಯಾರ್ಥಿನಿ, ಹಾಸನ)

ಉತ್ತರ: ಇದೆ. ಔಷಧಗಳ ಜೆನೆರಿಕ್ ಹೆಸರನ್ನು ಬಾಯಿಗೆ ಬಂದಂತೆ ಇಡುವುದಿಲ್ಲ, ಹೆಸರಿನೊಳಗೊಂದು ಬೇರುಪದ ಇರುತ್ತದೆ. ‘ಜೆಸ್ಟ್’ ಕಂಡರೆ ಪ್ರೊಜೆಸ್ಟಿರೋನ್ ಬಳಗ: ಲೆವೊನಾರ್ಜೆಸ್ಟ್ರೆಲ್, ಡೈಡ್ರೊಜೆಸ್ಟಿರೋನ್. ‘ಪ್ರಿಸ್’ ಕಂಡರೆ ಪ್ರೊಜೆಸ್ಟಿರೋನ್ ಕೂರುವ ಗ್ರಾಹಿಯ ಮೇಲೆ ಕೆಲಸ ಮಾಡುವಂಥದ್ದು: ಮಿಫೆಪ್ರಿಸ್ಟೋನ್, ಯುಲಿಪ್ರಿಸ್ಟಾಲ್. ‘ಪ್ರೊಸ್ಟ್’ ಕಂಡರೆ ಪ್ರೊಸ್ಟಗ್ಲಾಂಡಿನ್: ಮಿಸೊಪ್ರೊಸ್ಟಾಲ್, ಡೈನೊಪ್ರೊಸ್ಟೋನ್, ಕಾರ್ಬೊಪ್ರೊಸ್ಟ್.

ಇವು ಮಾಡುವ ಕೆಲಸವನ್ನು ಹೀಗೆ ನೋಡಿ. ಗರ್ಭ ನಿಲ್ಲಲು ಗರ್ಭಕೋಶದ ಒಳಪೊರೆಗೆ ಪ್ರೊಜೆಸ್ಟಿರೋನ್ ಬೇಕೇ ಬೇಕು. ಮಿಫೆಪ್ರಿಸ್ಟೋನ್ ಹೋಗಿ ಅದರ ಜಾಗದಲ್ಲಿ ಕೂತುಬಿಡುತ್ತದೆ, ಬೀಗದೊಳಗೆ ಬೇರೆ ಕೀಲಿ ಸಿಕ್ಕಿಕೊಂಡ ಹಾಗೆ. ಪೊರೆ ಸಡಿಲವಾಗುತ್ತದೆ, ಗರ್ಭಕೋಶದ ಬಾಯಿ ಮೆತ್ತಗಾಗುತ್ತದೆ, ಸ್ನಾಯು ಪ್ರೊಸ್ಟಗ್ಲಾಂಡಿನ್‌ಗೆ ಓಗೊಡಲು ಸಿದ್ಧವಾಗುತ್ತದೆ. ಆಮೇಲೆ ಬರುವ ಮಿಸೊಪ್ರೊಸ್ಟಾಲ್ ಸ್ನಾಯುವನ್ನು ಹಿಂಡಿಸಿ ಒಳಗಿರುವುದನ್ನು ಹೊರಗೆ ಹಾಕಿಸುತ್ತದೆ.

ವಾರ್ಡಿನಲ್ಲಿ ಎಚ್ಚರ ಬೇಕಾದ ಜಾಗವೊಂದಿದೆ. ‘ಪ್ರಿಸ್ಟೋನ್’ ಮತ್ತು ‘ಜೆಸ್ಟಿರೋನ್’ ಕಿವಿಗೆ ಹತ್ತಿರ, ಕೆಲಸದಲ್ಲಿ ಎದುರುಬದುರು. ಒಂದು ಗರ್ಭ ಇಳಿಸುತ್ತದೆ. ಇನ್ನೊಂದನ್ನು ರಕ್ತ ಕಂಡಾಗ ಗರ್ಭ ಉಳಿಯಲಿ ಎಂದು ಕೊಡುತ್ತಾರೆ. ಫೋನಿನಲ್ಲಿ ಆರ್ಡರ್ ತೆಗೆದುಕೊಳ್ಳುವಾಗ ಅಕ್ಷರ ಬಿಡಿಸಿ ಹೇಳಿಸಿಕೊಳ್ಳಿ. ಮಿಲಿಗ್ರಾಂ, ಮೈಕ್ರೋಗ್ರಾಂ ಎರಡನ್ನೂ ಪೂರ್ತಿ ಬರೆಯಿರಿ, ನಡುವಿನ ಅಂತರ ಸಾವಿರ ಪಟ್ಟು.

ಬೇರುಪದ ಬಳಗವನ್ನಷ್ಟೇ ಹೇಳುತ್ತದೆ, ಬಳಕೆಯನ್ನಲ್ಲ. ಯುಲಿಪ್ರಿಸ್ಟಾಲ್ 30 ಮಿ.ಗ್ರಾಂ 120 ಗಂಟೆಯೊಳಗಿನ ತುರ್ತು ಗರ್ಭನಿರೋಧಕ. ಲಟಾನೊಪ್ರೊಸ್ಟ್ ಅಂತೂ ಗ್ಲಾಕೋಮಾಗೆ ಹಾಕುವ ಕಣ್ಣಿನ ಹನಿ. ಹಳೆಯ ಪುಸ್ತಕಗಳಲ್ಲಿ ಕಾಣುವ ಆರ್‌ಯು-486 ಎಂಬುದು ಮಿಫೆಪ್ರಿಸ್ಟೋನ್‌ನದೇ ಹೆಸರು, ಅದನ್ನು ರೂಪಿಸಿದ ಫ್ರಾನ್ಸಿನ ರೂಸೆಲ್ ಯುಕ್ಲಾಫ್ ಕಂಪನಿಯ ಮೊದಲಕ್ಷರಗಳು. ಫ್ರಾನ್ಸಿನಲ್ಲಿ 1988ರಲ್ಲಿ, ನಮ್ಮಲ್ಲಿ 2002ರಲ್ಲಿ ಒಪ್ಪಿಗೆ ಸಿಕ್ಕಿತು.

ಪ್ರಶ್ನೆ: ನಾನು ಆಶಾ ಕಾರ್ಯಕರ್ತೆ. ಹೆಂಗಸರು ‘ಒಂದು ತಿಂಗಳಾಗಿದೆ ಅಕ್ಕ’ ಅಂತಾರೆ, ಆಸ್ಪತ್ರೆಗೆ ಕರೆದುಕೊಂಡು ಹೋದರೆ ‘ಎಂಟು ವಾರ’ ಅಂತಾರೆ. ನಾನೇ ಸುಳ್ಳು ಹೇಳಿದೆ ಅನ್ನೋ ಹಾಗೆ ನೋಡ್ತಾರೆ. ಯಾಕೆ ಹೀಗೆ? (ಮೂಡಿಗೆರೆ ತಾಲ್ಲೂಕು)

ಉತ್ತರ: ನೀವೂ ಸುಳ್ಳಲ್ಲ, ಅವರೂ ಸುಳ್ಳಲ್ಲ. ಹೆಂಗಸರು ಎಣಿಸುವುದು ಮುಟ್ಟು ತಪ್ಪಿದ ದಿನದಿಂದ. ವೈದ್ಯರು ಎಣಿಸುವುದು ಕೊನೆಯ ಮುಟ್ಟಿನ ಮೊದಲ ದಿನದಿಂದ, ಅಂದರೆ ಗರ್ಭ ನಿಲ್ಲುವುದಕ್ಕೂ ಸುಮಾರು ಎರಡು ವಾರ ಹಿಂದಿನಿಂದ. ಎಲ್‌ಎಂಪಿ ಎಂದು ಕಾರ್ಡಿನಲ್ಲಿ ಬರೆಯುವುದು ಆ ದಿನವನ್ನು.

ಒಂದು ಲೆಕ್ಕ ಹಾಕೋಣ. ಜೂನ್ 1ಕ್ಕೆ ಮುಟ್ಟಾದವಳಿಗೆ ಇಪ್ಪತ್ತೆಂಟು ದಿನದ ಸುತ್ತಾದರೆ ಜೂನ್ 29ಕ್ಕೆ ಮತ್ತೆ ಆಗಬೇಕಿತ್ತು. ಆಗಲಿಲ್ಲ. ಜುಲೈ 29ಕ್ಕೆ ನಿಮ್ಮ ಹತ್ತಿರ ಬಂದು ‘ಒಂದು ತಿಂಗಳು’ ಎನ್ನುತ್ತಾಳೆ. ಜೂನ್ 1ರಿಂದ ಅಲ್ಲಿಗೆ 58 ದಿನ, ಎಂಟು ವಾರ ಎರಡು ದಿನ. ಮಾತ್ರೆಯ ವಿಧಾನಕ್ಕೆ ನಮ್ಮಲ್ಲಿರುವ ಮಿತಿ ಒಂಬತ್ತು ವಾರ, 63 ದಿನ. ಅಂದರೆ ಆಗಸ್ಟ್ 3. ಒಂದೇ ತಿಂಗಳಲ್ಲವೇ ಎಂದು ಸಮಾಧಾನವಾಗಿ ಕೂತಿದ್ದವಳ ಕೈಯಲ್ಲಿ ಉಳಿದಿರುವುದು ಐದು ದಿನ. ಮಳೆಗಾಲದಲ್ಲಿ ಮರ ಬಿದ್ದು ರಸ್ತೆ ಕಟ್ಟಿದರೆ ಅದೂ ಇಲ್ಲ.

ಗರ್ಭ ಪರೀಕ್ಷೆಯ ನಿಶ್ಚಯ್ ಕಿಟ್‌ನಲ್ಲಿ ಎರಡು ಗೆರೆ ಕಂಡ ದಿನವೇ ಎಲ್‌ಎಂಪಿ ಕೇಳಿ ಬರೆದುಕೊಳ್ಳಿ. ತಾರೀಖು ನೆನಪಿಲ್ಲದವರಿಗೆ ಹಬ್ಬ, ಸಂತೆ, ಸಂಬಳದ ದಿನ ನೆನಪಿರುತ್ತದೆ, ಅದನ್ನು ಹಿಡಿದು ಹಿಂದಕ್ಕೆ ಹೋಗಿ. ಮೊಲೆಯೂಡಿಸುತ್ತಿರುವವರು, ಗರ್ಭ ತಡೆಯುವ ಅಂತರಾ ಇಂಜೆಕ್ಷನ್ ಈಚೆಗೆ ಬಿಟ್ಟವರು, ಮುಟ್ಟು ಹಿಂದೆ ಮುಂದೆ ಆಗುವವರು: ಇವರಲ್ಲಿ ಎಲ್‌ಎಂಪಿ ನಂಬುವ ಹಾಗಿಲ್ಲ, ಸ್ಕ್ಯಾನಿಂಗ್ ಆಗಲೇಬೇಕು.

ಪ್ರಶ್ನೆ: ಪರಿಚಯದ ಹುಡುಗಿಯೊಬ್ಬಳು ಯಾರಿಂದಲೋ ಕಿಟ್ ತರಿಸಿ ಐದೂ ಮಾತ್ರೆ ಒಟ್ಟಿಗೆ ನುಂಗಿದ್ದಾಳೆ. ಸ್ವಲ್ಪ ರಕ್ತ ಹೋಯಿತು, ಈಗ ನಿಂತಿದೆ. ಗರ್ಭ ಹೋಗಿದೆ ಅಂತ ಅರ್ಥವೇ? ಸರಿಯಾದ ಕ್ರಮ ಯಾವುದು? (ಸಕಲೇಶಪುರ)

ಉತ್ತರ: ಹಾಗೆಂದು ಹೇಳಲಾಗದು. ಅವಳನ್ನು ಈ ವಾರವೇ ಸ್ಕ್ಯಾನಿಂಗ್‌ಗೆ ಕರೆದುಕೊಂಡು ಹೋಗಿ. ಏನು ನುಂಗಿದಳು, ಯಾವತ್ತು ನುಂಗಿದಳು ಎಂಬುದನ್ನು ವೈದ್ಯರಿಗೆ ಮುಚ್ಚಿಡಬೇಡಿ. ಖಾಲಿ ಸ್ಟ್ರಿಪ್ ಇದ್ದರೆ ಜೊತೆಗೆ ಒಯ್ಯಿರಿ.

ಒಟ್ಟಿಗೆ ನುಂಗಿದರೆ ಏಕೆ ಕೆಡುತ್ತದೆ ಎಂದರೆ, ಮಿಫೆಪ್ರಿಸ್ಟೋನ್‌ಗೆ ತನ್ನ ಕೆಲಸ ಮುಗಿಸಲು ಒಂದರಿಂದ ಎರಡು ದಿನ ಬೇಕು. ಗರ್ಭಕೋಶ ಸಿದ್ಧವಾಗುವ ಮೊದಲೇ ಮಿಸೊಪ್ರೊಸ್ಟಾಲ್ ಬಂದುಹೋದರೆ ಹಿಂಡುವಿಕೆ ಅರೆಬರೆಯಾಗುತ್ತದೆ. ಗರ್ಭದ ಅಂಶ ಒಳಗೇ ಉಳಿಯಬಹುದು, ಇದಕ್ಕೆ ಇನ್‌ಕಂಪ್ಲೀಟ್ ಅಬಾರ್ಷನ್ ಎನ್ನುತ್ತಾರೆ. ಗರ್ಭವೇ ಮುಂದುವರಿಯಲೂಬಹುದು. ಹಾಗೆ ಮುಂದುವರಿದ ಗರ್ಭವನ್ನು ಸುಮ್ಮನೆ ಬಿಡುವಂತಿಲ್ಲ, ಮಿಸೊಪ್ರೊಸ್ಟಾಲ್‌ನಿಂದ ಮಗುವಿಗೆ ಅಂಗದೋಷ ಬರುವ ಅಪಾಯವಿದೆ.

ಆಸ್ಪತ್ರೆಯ ಕ್ರಮ ಮೂರು ಭೇಟಿಯದು. ಮೊದಲ ಭೇಟಿಯಲ್ಲಿ ವಾರದ ಲೆಕ್ಕ, ಗರ್ಭ ಗರ್ಭಕೋಶದೊಳಗೇ ಇದೆಯೇ ಎಂಬ ಖಾತ್ರಿ, ಹಿಮೋಗ್ಲೋಬಿನ್, ರಕ್ತದ ಗುಂಪು. ನೆಗೆಟಿವ್ ಗುಂಪಿದ್ದರೆ ಆಂಟಿ-ಡಿ ಇಂಜೆಕ್ಷನ್ ಬೇಕೇ ಎಂದು ವೈದ್ಯರು ನಿರ್ಧರಿಸುತ್ತಾರೆ. ಅಂದೇ ಮಿಫೆಪ್ರಿಸ್ಟೋನ್ 200 ಮಿ.ಗ್ರಾಂ ನುಂಗಿಸುತ್ತಾರೆ. ಮೂರನೇ ದಿನ ಮಿಸೊಪ್ರೊಸ್ಟಾಲ್. ವಾರ ನೋಡಿ 400 ಅಥವಾ 800 ಮೈಕ್ರೋಗ್ರಾಂ ಕೊಡುವುದು ನಮ್ಮಲ್ಲಿನ ರೂಢಿ, ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು 800. ನಾಲಿಗೆಯಡಿ ಅಥವಾ ಕೆನ್ನೆಯೊಳಗೆ ಇಟ್ಟುಕೊಂಡರೆ ಅರ್ಧ ಗಂಟೆ ಕರಗಲು ಬಿಟ್ಟು ಉಳಿದದ್ದನ್ನು ನೀರಿನ ಜೊತೆ ನುಂಗಬೇಕು. ಸಾಮಾನ್ಯವಾಗಿ ಕೆಲವೇ ಗಂಟೆಗಳಲ್ಲಿ ಹೊಟ್ಟೆ ಹಿಂಡಿ, ಮುಟ್ಟಿಗಿಂತ ಜೋರಾಗಿ, ಗಡ್ಡೆ ಗಡ್ಡೆಯಾಗಿ ಹೋಗುತ್ತದೆ. ಚಳಿ, ಭೇದಿ, ವಾಂತಿ ಬರಬಹುದು. ನೋವಿಗೆ ಐಬುಪ್ರೊಫೆನ್ ಕೊಡಬಹುದು, ಅದರಿಂದ ಮಾತ್ರೆಯ ಕೆಲಸ ಕೆಡುವುದಿಲ್ಲ. ಹದಿನೈದನೇ ದಿನದ ಮೂರನೇ ಭೇಟಿಯಲ್ಲಿ ಪೂರ್ತಿ ಹೋಗಿದೆಯೇ ಎಂದು ನೋಡುತ್ತಾರೆ. ಜನ ತಪ್ಪಿಸುವುದು ಈ ಭೇಟಿಯನ್ನೇ. ಮನೆಯಲ್ಲಿ ಮೂತ್ರ ಪರೀಕ್ಷೆ ಮಾಡಿ ನೆಮ್ಮದಿ ಪಡುವ ಹಾಗಿಲ್ಲ, ಪೂರ್ತಿ ಹೋದ ಮೇಲೂ ಕೆಲವು ವಾರ ಎರಡು ಗೆರೆ ಬರುತ್ತಲೇ ಇರುತ್ತದೆ.

ಈ ಕ್ರಮದಲ್ಲಿ ನಡೆದರೆ ನೂರರಲ್ಲಿ ತೊಂಬತ್ತೈದಕ್ಕೂ ಹೆಚ್ಚು ಮಂದಿಗೆ ಮಾತ್ರೆಯಲ್ಲೇ ಮುಗಿಯುತ್ತದೆ. ಉಳಿದವರಿಗೆ ಮತ್ತೊಂದು ಡೋಸ್ ಅಥವಾ ಸಕ್ಷನ್ ಬೇಕಾಗುತ್ತದೆ. ನಮ್ಮ ಕಡೆ ‘ಕ್ಲೀನ್ ಮಾಡಿಸೋದು’ ಎನ್ನುವುದು ಇದಕ್ಕೇ.

ಗಂಟೆಗೆ ಎರಡು ದೊಡ್ಡ ಪ್ಯಾಡ್ ತೊಯ್ದು, ಅದು ಎರಡು ಗಂಟೆ ಬಿಡದೆ ನಡೆದರೆ 108ಕ್ಕೆ ಫೋನ್ ಮಾಡಿ. ಮಾತ್ರೆಯ ಮಾರನೇ ದಿನವೂ ಜ್ವರ ಇಳಿಯದಿದ್ದರೆ, ದುರ್ವಾಸನೆಯ ಸ್ರಾವ ಇದ್ದರೆ ಆಸ್ಪತ್ರೆಗೆ ಹೋಗಿ. ಎಲ್ಲಕ್ಕಿಂತ ಮೋಸ ಮಾಡುವುದು ಎಕ್ಟೋಪಿಕ್, ಅಂದರೆ ನಾಳದಲ್ಲಿ ನಿಂತ ಗರ್ಭ. ಈ ಮಾತ್ರೆಗಳು ಅದರ ಮೇಲೆ ಕೆಲಸ ಮಾಡುವುದಿಲ್ಲ. ಆದರೂ ಸ್ವಲ್ಪ ರಕ್ತ ಹೋಗುತ್ತದೆ, ಹೋಯಿತೆಂದು ಎಲ್ಲರೂ ನಿಟ್ಟುಸಿರು ಬಿಡುತ್ತಾರೆ, ನಾಳ ಒಳಗೊಳಗೇ ಹಿಗ್ಗುತ್ತಿರುತ್ತದೆ. ಹೊಟ್ಟೆಯ ಒಂದು ಬದಿ ಚುಚ್ಚುವ ನೋವು, ಭುಜದ ತುದಿಯಲ್ಲಿ ನೋವು, ಕಣ್ಣು ಕತ್ತಲೆ ಬಂದರೆ ಬೆಳಗಾಗಲಿ ಎಂದು ಕಾಯಬೇಡಿ.

ವಂಕಿ (ಕಾಪರ್-ಟಿ) ಒಳಗಿರುವವರು, ರಕ್ತ ತೆಳುವಾಗಿಸುವ ಮಾತ್ರೆ ಅಥವಾ ಬಹುಕಾಲದಿಂದ ಸ್ಟೀರಾಯ್ಡ್ ತೆಗೆದುಕೊಳ್ಳುತ್ತಿರುವವರು, ತೀವ್ರ ರಕ್ತಹೀನತೆ ಇರುವವರು ಇದನ್ನು ಮೊದಲೇ ಹೇಳಬೇಕು.

ಪ್ರಶ್ನೆ: ನನಗೆ ಎರಡೂವರೆ ತಿಂಗಳಿಗೆ ತಾನಾಗಿಯೇ ಬಸಿರು ಹೋಯಿತು. ಡಿಸ್ಚಾರ್ಜ್ ಚೀಟಿಯಲ್ಲಿ ‘ಇನ್‌ಕಂಪ್ಲೀಟ್ ಅಬಾರ್ಷನ್’ ಅಂತ ಬರೆದಿದ್ದಾರೆ. ಅತ್ತೆಯವರು ‘ನೀನೇ ತೆಗೆಸಿಕೊಂಡಿದ್ದೀಯ’ ಅಂತಾರೆ. ಈಗಿನ ತಾಯಿ ಕಾರ್ಡಿನಲ್ಲೂ ‘ಎ1’ ಇದೆ. (ಅರಸೀಕೆರೆ)

ಉತ್ತರ: ಈ ಉತ್ತರವನ್ನು ಅತ್ತೆಯವರಿಗೇ ಓದಿ ಹೇಳಿ. ವೈದ್ಯರ ಭಾಷೆಯಲ್ಲಿ ಅಬಾರ್ಷನ್ ಎಂದರೆ ಮಗು ಬದುಕುವಷ್ಟು ಬೆಳೆಯುವ ಮೊದಲೇ ಗರ್ಭ ಕೊನೆಗೊಂಡಿತು, ಅಷ್ಟೇ. ತಾನಾಗಿ ಹೋಯಿತೋ, ಇಳಿಸಿದ್ದೋ ಎಂಬುದನ್ನು ಆ ಪದ ಹೇಳುವುದೇ ಇಲ್ಲ. ತಾನಾಗಿ ಹೋದರೆ ‘ಸ್ಪಾಂಟೇನಿಯಸ್’, ಇಳಿಸಿದ್ದಾದರೆ ‘ಇಂಡ್ಯೂಸ್ಡ್’ ಅಥವಾ ‘ಎಂಟಿಪಿ’ ಎಂದು ಬೇರೆಯಾಗಿ ಬರೆಯಬೇಕು. ‘ಇನ್‌ಕಂಪ್ಲೀಟ್’ ಎಂದರೆ ಸ್ವಲ್ಪ ಒಳಗೆ ಉಳಿದಿತ್ತು ಎಂದು. ‘ಥ್ರೆಟನ್ಡ್’ ಎಂದರೆ ರಕ್ತ ಕಂಡಿದೆ, ಗರ್ಭ ಉಳಿಯಲೂಬಹುದು. ‘ಮಿಸ್ಡ್’ ಎಂದರೆ ಒಳಗೇ ಜೀವ ಹೋಗಿದೆ, ಇನ್ನೂ ಹೊರಬಂದಿಲ್ಲ. ಯಾವುದರಲ್ಲೂ ತಾಯಿಯ ಮೇಲೆ ತಪ್ಪು ಹೊರಿಸುವ ಅರ್ಥವಿಲ್ಲ.

ಕಾರ್ಡಿನಲ್ಲಿ ‘ಜಿ3 ಪಿ1 ಎಲ್1 ಎ1’ ಎಂದಿದ್ದರೆ ಇದು ಮೂರನೇ ಬಸಿರು, ಒಂದು ಹೆರಿಗೆಯಾಗಿದೆ, ಒಂದು ಮಗು ಇದೆ, ಒಂದು ಬಸಿರು ಹೋಗಿದೆ ಎಂದು ಓದಬೇಕು. ‘ಎ’ಯೊಳಗೆ ಎರಡೂ ಬಗೆ ಸೇರುತ್ತವೆ. ಹಳೇ ಚೀಟಿಯಲ್ಲಿ ‘ಸ್ಪಾಂಟೇನಿಯಸ್’ ಎಂದು ಸೇರಿಸಿಕೊಡಲು ಆಸ್ಪತ್ರೆಯನ್ನು ಕೇಳಬಹುದು.

ಪ್ರಶ್ನೆ: ಜಿಲ್ಲಾ ಪತ್ರಿಕೆಗೆ ಸುದ್ದಿ ಬರೆಯುತ್ತೇನೆ. ಗರ್ಭಸ್ರಾವ, ಗರ್ಭಪಾತ, ಭ್ರೂಣಹತ್ಯೆ: ಯಾವುದನ್ನು ಎಲ್ಲಿ ಬಳಸಬೇಕು? (ಹಾಸನ)

ಉತ್ತರ: ಆಯುರ್ವೇದದ ಗ್ರಂಥಗಳು ತಿಂಗಳು ನೋಡಿ ಭೇದ ಮಾಡಿದವು: ನಾಲ್ಕನೇ ತಿಂಗಳವರೆಗೆ ದ್ರವವಾಗಿ ಹೋಗುವುದು ಸ್ರಾವ, ಐದು ಆರರಲ್ಲಿ ಮೈಗಟ್ಟಿದ ಮೇಲೆ ಬೀಳುವುದು ಪಾತ. ಇಂದಿನ ಕನ್ನಡದಲ್ಲಿ ತಾನಾಗಿ ಹೋದದ್ದಕ್ಕೆ ಗರ್ಭಸ್ರಾವ, ಮಾಡಿಸಿದ್ದಕ್ಕೆ ಗರ್ಭಪಾತ ಎನ್ನುವ ರೂಢಿ ಬೆಳೆಯುತ್ತಿದೆ. ಒಳ್ಳೆಯ ರೂಢಿ, ಅದನ್ನೇ ಹಿಡಿಯಿರಿ. ಮಾತ್ರೆಯಿಂದ ಆದದ್ದಕ್ಕೆ ‘ಔಷಧದಿಂದ ಗರ್ಭಪಾತ’ ಎಂದರೆ ಸಾಕು. ‘ವೈದ್ಯಕೀಯ ಗರ್ಭಪಾತ’ ಎಂದರೆ ಓದುಗರು ಆಪರೇಷನ್ ಎಂದುಕೊಳ್ಳುತ್ತಾರೆ. ಕಾಯ್ದೆಯ ಪದ ‘ಗರ್ಭದ ಸಮಾಪನ’, 2021ರ ತಿದ್ದುಪಡಿಯ ಪ್ರಕಾರ ಅದರೊಳಗೆ ಔಷಧ, ಶಸ್ತ್ರಕ್ರಿಯೆ ಎರಡೂ ಬರುತ್ತವೆ.

‘ಭ್ರೂಣಹತ್ಯೆ ಮಾತ್ರೆ’ ಎಂಬ ತಲೆಬರಹ ತಪ್ಪು. ಹೆಣ್ಣೆಂದು ತಿಳಿದು ತೆಗೆಸುವುದು ಹೆಣ್ಣು ಭ್ರೂಣಹತ್ಯೆ, ಲಿಂಗಪತ್ತೆಯನ್ನು ತಡೆಯುವುದು 1994ರ ಬೇರೆಯದೇ ಕಾಯ್ದೆ. ಎಂಟಿಪಿ ಕಾಯ್ದೆಯಡಿ ನಡೆದದ್ದಕ್ಕೆ ‘ಹತ್ಯೆ’ ಅಂಟಿಸಿದರೆ ಕಾನೂನುಬದ್ಧ ಚಿಕಿತ್ಸೆ ಪಡೆದವಳನ್ನು ಆರೋಪಿ ಮಾಡಿದಂತೆ. ಒಂದು ತಮಾಷೆಯೂ ಇದೆ: ಹಳೆಯ ದಂಡ ಸಂಹಿತೆಯ 312ನೇ ಕಲಂ, ಈಗಿನ ನ್ಯಾಯ ಸಂಹಿತೆಯ 88ನೇ ಕಲಂ ಇಂಗ್ಲಿಷಿನಲ್ಲಿ ಬಳಸುವುದು ‘ಮಿಸ್‌ಕ್ಯಾರೇಜ್’ ಎಂಬ ಪದವನ್ನು, ಬೇಕೆಂದೇ ಮಾಡಿಸಿದ್ದಕ್ಕೆ. ವೈದ್ಯರು ತಾನಾಗಿ ಹೋದದ್ದಕ್ಕೂ ‘ಅಬಾರ್ಷನ್’ ಎನ್ನುತ್ತಾರೆ. ಪೊಲೀಸರ ಕಾಗದ ಮತ್ತು ಆಸ್ಪತ್ರೆಯ ಕಾಗದ ಎರಡನ್ನೂ ಇಟ್ಟುಕೊಂಡು ಬರೆಯುವವರು ಇಲ್ಲಿ ಎಡವುತ್ತಾರೆ.

ಪ್ರಶ್ನೆ: ಹೆರಿಗೆಯಾದ ಕೂಡಲೇ ನಮ್ಮ ಸೊಸೆಗೆ ಮಿಸೊಪ್ರೊಸ್ಟಾಲ್ ಕೊಟ್ಟಿದ್ದಾರೆ. ಮೊಬೈಲಲ್ಲಿ ನೋಡಿದರೆ ಗರ್ಭಪಾತದ ಮಾತ್ರೆ ಅಂತ ಇದೆ. ತಪ್ಪು ಔಷಧ ಕೊಟ್ಟರೇ? (ಚನ್ನರಾಯಪಟ್ಟಣ)

ಉತ್ತರ: ಇಲ್ಲ ಅಮ್ಮ, ಸರಿಯಾದದ್ದೇ ಕೊಟ್ಟಿದ್ದಾರೆ. ಗರ್ಭಕೋಶವನ್ನು ಹಿಂಡಿಸುವುದು ಇದರ ಗುಣ. ಹೆರಿಗೆಯಾದ ಮೇಲೆ ಗರ್ಭಕೋಶ ಬಿಗಿಯದಿದ್ದರೆ ರಕ್ತ ಹರಿದು ಬಾಣಂತಿಯ ಜೀವಕ್ಕೇ ಕುತ್ತು. ಅದನ್ನು ತಡೆಯಲು 600 ಮೈಕ್ರೋಗ್ರಾಂ, ಅಂದರೆ ಮೂರು ಮಾತ್ರೆ, ನುಂಗಿಸುತ್ತಾರೆ. ಹೆರಿಗೆ ನೋವು ಬರಿಸಲು ಕೊಡುವುದು ಬರೀ 25 ಮೈಕ್ರೋಗ್ರಾಂ. ಮೊದಲು ಈ ಔಷಧ ಬಂದದ್ದು ಹೊಟ್ಟೆಯ ಹುಣ್ಣಿಗೆ. ನಡುಕ, ಮೈ ಬಿಸಿ ಕಂಡರೆ ಗಾಬರಿ ಬೇಡ, ಸಾಮಾನ್ಯವಾಗಿ ಕೆಲವು ಗಂಟೆಗಳಲ್ಲಿ ಇಳಿಯುತ್ತದೆ. ಮಗುವಿಗೆ ಹಾಲು ಕೊಡಬಹುದು.

ಪ್ರಶ್ನೆ: ಪಪ್ಪಾಯಿ, ಎಳ್ಳು, ಎಕ್ಕದ ಹಾಲು... ಇವೂ ಗರ್ಭಪಾತಕಾರಿಗಳೇ? (ಕಡೂರು)

ಉತ್ತರ: ಎಳ್ಳು ಬೆಲ್ಲಕ್ಕೆ ಆ ಶಕ್ತಿ ಇಲ್ಲ. ಹಣ್ಣಾದ ಪಪ್ಪಾಯಿಗೂ ಇಲ್ಲ. ಕಾಯಿಯ ಹಾಲು ಇಲಿಯ ಗರ್ಭಕೋಶವನ್ನು ಹಿಂಡಿಸಿದ್ದು ಪ್ರಯೋಗಾಲಯದಲ್ಲಿ ಕಂಡಿದೆ, ಅದನ್ನು ಔಷಧ ಎನ್ನಲು ಬರುವುದಿಲ್ಲ. ಎಕ್ಕ, ಕಣಗಿಲೆ ಮಾತ್ರ ವಿಷ. ಎರಡರಲ್ಲೂ ಹೃದಯದ ಬಡಿತ ಕೆಡಿಸುವ ಅಂಶವಿದೆ. ಎಕ್ಕದ ಕಡ್ಡಿ ಒಳಗಿಡುವುದರಿಂದ ಗರ್ಭಕೋಶ ತೂತಾಗುವುದು, ಕೀವಾಗುವುದು, ಧನುರ್ವಾಯು ಬರುವುದು. ಹಾಗೆ ಮಾಡಿಕೊಂಡು ಬಂದವರನ್ನು ಬೈಯದೆ ಮೊದಲು ಆಸ್ಪತ್ರೆಗೆ ಸೇರಿಸಿ.

ಪ್ರಶ್ನೆ: ಸಂಧಿವಾತಕ್ಕೆ ವಾರಕ್ಕೊಮ್ಮೆ ಮೆಥೊಟ್ರೆಕ್ಸೇಟ್ ತಿನ್ನುತ್ತೇನೆ. ಅದೂ ಅಬಾರ್ಷನ್ ಔಷಧವಂತೆ? (ಚಿಕ್ಕಮಗಳೂರು)

ಉತ್ತರ: ಅರ್ಧ ನಿಜ. ಬೆಳೆಯುವ ಜೀವಕೋಶವನ್ನು ತಡೆಯುವ ಔಷಧವಿದು, ಆದ್ದರಿಂದ ನಾಳದ ಗರ್ಭ ಒಡೆಯುವ ಮೊದಲೇ ಸಿಕ್ಕಿದರೆ ಇಂಜೆಕ್ಷನ್ ರೂಪದಲ್ಲಿ ಕೊಡುತ್ತಾರೆ. ನಿಮ್ಮಂಥವರ ವಿಷಯದಲ್ಲಿ ನೆನಪಿಡಬೇಕಾದ ಪದ ಟೆರಾಟೊಜೆನ್: ಗರ್ಭಸ್ಥ ಶಿಶುವಿಗೆ ಅಂಗದೋಷ ತರುವ ವಸ್ತು. ಮೊಡವೆಯ ಐಸೊಟ್ರೆಟಿನೊಯಿನ್, ಅಪಸ್ಮಾರದ ವಾಲ್‌ಪ್ರೊಯೇಟ್ ಕೂಡ ಆ ಗುಂಪಿನವು. ಗರ್ಭ ಇಳಿಸುವುದೆಂದು ನಂಬಿ ಇವನ್ನು ನುಂಗಿದರೆ ಗರ್ಭ ಉಳಿದು ಮಗು ಊನವಾಗಬಹುದು. ಮಗು ಬೇಕೆನಿಸಿದಾಗ ತಿಂಗಳುಗಳ ಮೊದಲೇ ವೈದ್ಯರಿಗೆ ತಿಳಿಸಿ.

ಪ್ರಶ್ನೆ: ಗಂಡನ ಸಹಿ ಬೇಕೇ? ಮದುವೆಯಾಗದವರಿಗೆ ಕೊಡುತ್ತಾರೆಯೇ? (ಹೆಸರು, ಊರು ಬೇಡ)

ಉತ್ತರ: ಹದಿನೆಂಟು ತುಂಬಿದವಳ ಸಹಿ ಒಂದೇ ಸಾಕು. ಗಂಡನದು, ಅಪ್ಪನದು ಕಾನೂನು ಕೇಳುವುದಿಲ್ಲ. ಹದಿನೆಂಟರೊಳಗಿನವರಿಗೆ ಪೋಷಕರ ಸಹಿ ಬೇಕು. ಇಪ್ಪತ್ತು ವಾರದವರೆಗೆ ಒಬ್ಬ ವೈದ್ಯರ ಅಭಿಪ್ರಾಯ, ಅಲ್ಲಿಂದ ಇಪ್ಪತ್ತನಾಲ್ಕರವರೆಗೆ ನಿಗದಿತ ಸಂದರ್ಭಗಳಲ್ಲಿ ಇಬ್ಬರದು. 2021ರ ತಿದ್ದುಪಡಿ ‘ಗಂಡ’ ಎಂಬ ಪದ ತೆಗೆದು ‘ಸಂಗಾತಿ’ ಎಂದಿಟ್ಟಿತು. ಮದುವೆಯಾಗದವರಿಗೂ ಇದೇ ಹಕ್ಕೆಂದು ಸುಪ್ರೀಂ ಕೋರ್ಟ್ 2022ರ ಸೆಪ್ಟೆಂಬರಿನಲ್ಲಿ ಹೇಳಿತು. ಕಾನೂನು ಅಧಿಕಾರ ಕೊಟ್ಟವರಿಗೆ ಬಿಟ್ಟು ಬೇರೆ ಯಾರಿಗೂ ವೈದ್ಯರು ಹೆಸರು ಹೇಳುವಂತಿಲ್ಲ, ಹೇಳಿದರೆ ಶಿಕ್ಷೆ.

ಪ್ರಶ್ನೆ: ಕಾಫಿ ತೋಟದಲ್ಲಿ ಕೆಲಸ. ಗರ್ಭ ಹೋದ ಮೇಲೆ ರಜೆ ಸಿಗುತ್ತದೆಯೇ? ಮೇಸ್ತ್ರಿ ‘ಹೆರಿಗೆಗೆ ಮಾತ್ರ’ ಅಂತಾರೆ. (ಆಲ್ದೂರು)

ಉತ್ತರ: 1961ರ ಹೆರಿಗೆ ಸೌಲಭ್ಯ ಕಾಯ್ದೆಯ ಕಾಲದಿಂದಲೂ ತೋಟಗಳಿಗೆ ಈ ರಜೆಯ ನಿಯಮ ಅನ್ವಯಿಸುತ್ತದೆ. ಗರ್ಭಸ್ರಾವಕ್ಕೂ, ಕಾಯ್ದೆಯಡಿ ಮಾಡಿಸಿದ ಗರ್ಭಪಾತಕ್ಕೂ ಮರುದಿನದಿಂದ ಆರು ವಾರ ಸಂಬಳ ಸಹಿತ ರಜೆ ಇದೆ, ಆಸ್ಪತ್ರೆಯ ಪುರಾವೆ ತೋರಿಸಬೇಕು. ಸರ್ಟಿಫಿಕೇಟಿನಲ್ಲಿ ಬರೀ ‘ವಿಶ್ರಾಂತಿ ಬೇಕು’ ಎಂದಿದ್ದರೆ ತೋಟದ ಆಫೀಸಿನವರು ವಾಪಸ್ ಕಳಿಸುತ್ತಾರೆ. ‘ಮಿಸ್‌ಕ್ಯಾರೇಜ್’ ಅಥವಾ ‘ಎಂಟಿಪಿ’ ಎಂಬ ಪದ, ಆದ ತಾರೀಖು, ವೈದ್ಯರ ನೋಂದಣಿ ಸಂಖ್ಯೆ, ಮೊಹರು ಇವೆಯೇ ಎಂದು ಆಸ್ಪತ್ರೆಯಿಂದ ಹೊರಡುವ ಮೊದಲೇ ನೋಡಿಕೊಳ್ಳಿ. ಒಂದು ಜೆರಾಕ್ಸ್ ಮನೆಯಲ್ಲಿರಲಿ.